ತಲೆ ಎತ್ತದವರು

ಕೆಂಪು ಪೆನ್ಸಿಲನ್ನು ಅವನು ಬೆಳಿಗ್ಗೆಯಿಂದ ಕೆತ್ತುತ್ತಲೇ ಇದ್ದ. ಕೆತ್ತಿ ಕೆತ್ತಿ ಅದು ಹಲ್ಲುಕಡ್ಡಿಯಾಗಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಹಲ್ಲುಕಡ್ಡಿಯ ನೆನಪು ಮಾತ್ರ ಉಳಿಯುವುದಿತ್ತು. ಮಾಳಿಗೆಯ ಕಂಬಿಗೆ ಎದೆಯೊತ್ತಿ ನಿಂತ ಅವನ ಕೆಳಗೆ ಬಸ್ ನಿಲ್ದಾಣದ ಪ್ರಯಾಣಿಕರ ಹಾಲ್ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಇಷ್ಟು ದೊಡ್ಡ ಹಾಲ್ ಭೂಮಿಯ ಮೇಲೆ ಇನ್ನೊಂದಿಲ್ಲ. ಇನ್ನೊಂದು ಕಟ್ಟಿದರೆ ಭೂಮಿ ಸಾಲುವುದಿಲ್ಲ. ಈ ತುದಿಯಲ್ಲಿ ಒಬ್ಬ ಕೆಮ್ಮಿದರೆ ಅದು ಆ ತುದಿಗೆ ಕೇಳಿಸುವಷ್ಟರಲ್ಲಿ ಅವನಿಗೆ ಕೆಮ್ಮು ವಾಸಿಯಾಗಿ ಮನೆ ಸೇರಿರುತ್ತಿದ್ದ. ಅಂಥ ಹಾಲ್‌ನಲ್ಲಿ ಈಗ ಅಲ್ಲೊಬ್ಬರು ಇಲ್ಲೊಬ್ಬರು, ಉಪ್ಪು ಕಡಿಮೆಯಾದ ಅಡುಗೆಯ ಹಾಗೆ. ಕೂತವರ ಬೆನ್ನಿಗೆ ತಕ್ಕಂತೆ ಸವೆದಿದ್ದ ಹಳೆಯ ಮರದ ಬೆಂಚುಗಳು ಹೋಗಿ ಕಬ್ಬಿಣದ ಸೀಟುಗಳು ಬಂದಿದ್ದವು. ಸೀಟು ಸೀಟಿನ ನಡುವೆ ಒಂದೊಂದು ಸರಳು, ಮಲಗಲು ಆಗದ ಹಾಗೆ, ಕಾಲು ಮಡಿಸಿ ಕೂರಲೂ ಆಗದ ಹಾಗೆ. ಬಾಗಿಲಿಗೆ ಗಾಜು, ಗಾಜಿನ ಮುಂದೆ ಕಾವಲುಗಾರ, ಕಾವಲುಗಾರನ ತಲೆಯ ಮೇಲೆ ಬೋರ್ಡು: ಟಿಕೆಟ್ ಉಳ್ಳವರಿಗೆ ಮಾತ್ರ ಪ್ರವೇಶ. ಇದನ್ನೆಲ್ಲ ಮಾಡಿದ್ದು ತಾನು ಎಂದು ಅವನಿಗೆ ಗೊತ್ತಿತ್ತು. ರಾಜರು ಸೈನ್ಯ ಕಟ್ಟಿಕೊಂಡು ಮಾಡುವ ಕೆಲಸವನ್ನು ಅವನು ಒಂದು ಪೆನ್ಸಿಲಿನಲ್ಲಿ ಮಾಡಿ ಮುಗಿಸಿದ್ದ. ಅಮ್ಮ ಇವತ್ತು ಈ ಕಡೆ ಬರದಿದ್ದರೆ ಸಾಕು ಎಂದುಕೊಳ್ಳುತ್ತ ಅವನು ಮತ್ತೆ ಪೆನ್ಸಿಲ್ ಕೆತ್ತಿದ.

"ಏ ದಿಕ್ಸೂಚಿ, ಪೆನ್ಸಿಲ್ ಯಾಕೋ ತಿಂತಿದೀಯ? ಹಸಿವಾದ್ರೆ ಹೇಳು, ನನ್ನ ಹತ್ರ ರಬ್ಬರಿದೆ," ಎಂದಳು ಪಕ್ಕದಲ್ಲಿದ್ದ ಸ್ಕೇಲು.

ಸ್ಕೇಲು ಅವನ ಸಹಪಾಠಿ. ಊಟದ ಡಬ್ಬಿ ಮರೆತರೂ ಮರದ ಸ್ಕೇಲನ್ನು ಮರೆಯದವಳು. ಅದರಿಂದ ಬೆನ್ನು ತುರಿಸಿಕೊಳ್ಳುತ್ತಿದ್ದಳು, ಹುಡುಗರನ್ನು ದೂರವಿಡುತ್ತಿದ್ದಳು, ಒಮ್ಮೊಮ್ಮೆ ಗೆರೆಯನ್ನೂ ಎಳೆಯುತ್ತಿದ್ದಳು. ಅವನಿಗೆ ದಿಕ್ಸೂಚಿ ಎಂಬ ಹೆಸರು ಬಂದದ್ದು ಸಾಮಾಜಿಕ ಭೂಗೋಳದ ಮೊದಲ ತರಗತಿಯಲ್ಲಿ. ಉತ್ತರ ಯಾವ ಕಡೆ ತೋರಿಸಿ ನೋಡೋಣ ಎಂದು ಮೇಡಂ ಕೇಳಿದಾಗ ಇಡೀ ತರಗತಿ ಪುಸ್ತಕದಲ್ಲಿ ತಲೆ ಹುದುಗಿಸಿತು. ಇವನೊಬ್ಬ ಎದ್ದು ನಿಂತು, ಬಲಗೈಯನ್ನು ಭುಜದ ಕೀಲು ಕಳಚುವಷ್ಟು ಚಾಚಿ, ಕ್ಯಾಂಟೀನನ್ನು ತೋರಿಸಿದ್ದ. ಆಗ ಎದ್ದ ನಗುವಿಗೆ ಕಟ್ಟಡದ ಸುಣ್ಣ ಉದುರಿತು. ಆಮೇಲೆ ಕ್ಯಾಂಟೀನಿಗೆ ಹೊರಟವರೆಲ್ಲ "ಉತ್ತರಕ್ಕೆ ಹೋಗೋಣ ಬಾರೋ" ಎನ್ನತೊಡಗಿದರು. ಆ ಕೋರ್ಸಿಗೆ ಅವನು ಸೇರಿದ್ದೇ ಅದರಲ್ಲಿ ಫೇಲಾದವರನ್ನು ಯಾರೂ ಕಂಡಿಲ್ಲ ಎಂಬ ಸುದ್ದಿ ಕೇಳಿ. ಬೆಟ್ಟ, ನದಿ, ಹೆಚ್ಚೆಂದರೆ ಒಂದೆರಡು ಸಮುದ್ರ, ಇಷ್ಟು ಕಂಠಪಾಠ ಮಾಡಿದರಾಯಿತು ಎಂದುಕೊಂಡಿದ್ದ. ಆದರೆ ಮೇಡಂ ನದಿಯ ಸುದ್ದಿಯನ್ನೇ ಎತ್ತಲಿಲ್ಲ. ಕಡ್ಡಿಯಷ್ಟು ತೆಳ್ಳಗಿದ್ದ ಆಕೆ ಮಾತಾಡಲು ನಿಂತರೆ ಹಿಂದಿನ ಬೆಂಚಿನ ಹುಟ್ಟುಸೋಮಾರಿಗಳೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು. "ನದಿ ಎಲ್ಲಿ ಹುಟ್ಟತ್ತೆ ಅಂತ ಯಾರು ಬೇಕಾದ್ರೂ ಹೇಳ್ತಾರೆ. ನಿಮ್ಮನೇಲಿ ಒಳ್ಳೇ ಕುರ್ಚಿ ಯಾರದು? ಅದನ್ನ ಹೇಳಿ. ಅಲ್ಲಿಂದ ಶುರು ಮಾಡೋಣ," ಎಂದರು.

ಹೀಗೆ ಮನೆಯ ನಕ್ಷೆ ಬರೆಯಬೇಕಾಯಿತು. ಯಾರ ಜಾಗ ಎಲ್ಲಿ, ಯಾರು ಎಲ್ಲಿ ಕೂರುತ್ತಾರೆ, ಯಾರು ಬಂದರೆ ಯಾರು ಏಳುತ್ತಾರೆ. ಮನೆಯೊಳಗಿನ ನಡುಹಾದಿಯಲ್ಲಿದ್ದ ತನ್ನ ಮೇಜಿನ ಮೇಲೆ ಅವನು ಕಾಗದ ಹಾಸಿದ. ಆ ಮೇಜಿನ ಒಂದು ಕಾಲು ಗಿಡ್ಡ. ಉಸಿರು ಬಿಟ್ಟರೂ ಅದು ಕುಣಿಯುತ್ತಿತ್ತು, ಅದರ ಮೇಲೆ ಎಳೆದ ಪ್ರತಿ ಗೆರೆಯೂ ಭೂಕಂಪದ ದಾಖಲೆಯ ಹಾಗೆ ಬರುತ್ತಿತ್ತು. ಅಪ್ಪನ ಆರಾಮಕುರ್ಚಿ ಬರೆದ. ಅದು ಅಪ್ಪನ ಮೈಯ ಅಚ್ಚು ಹೊತ್ತು, ಅಪ್ಪ ಇಲ್ಲದಾಗಲೂ ಅಪ್ಪ ಕೂತಂತೆಯೇ ಕಾಣುವ ಕುರ್ಚಿ, ಬೆಕ್ಕು ಕೂಡ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಕಿಟಕಿಯ ಪಕ್ಕ ಅಜ್ಜಿಯ ಮಂಚ ಬರೆದ. ಆ ಮಂಚದಿಂದಿಳಿಯದೆ ಅಜ್ಜಿ ಇಡೀ ಬೀದಿಯ ಆಡಳಿತ ನಡೆಸುತ್ತಿದ್ದಳು. ಅಣ್ಣ ಅತ್ತಿಗೆಯ ಕೋಣೆ, ಕೋಣೆಯ ಹೊರಗೆ ಅತ್ತಿಗೆ ಕೂತು ತಲೆ ಬಾಚಿಕೊಳ್ಳುವ ಮೆಟ್ಟಿಲು, ತನ್ನ ಮೇಜು. ಅಮ್ಮ ಎಂದು ಬರೆಯಲು ಹೋಗಿ ಪೆನ್ಸಿಲ್ ನಿಂತಿತು. ಯೋಚಿಸದೆ ಒಲೆಯ ಮುಂದೆ ಒಂದು ಚುಕ್ಕೆಯಿಟ್ಟ. ಮೇಡಂ ಅದರ ಸುತ್ತ ಒಂದು ಸೊನ್ನೆ ಸುತ್ತಿ ಹಿಂದಕ್ಕೆ ಕೊಟ್ಟರು. "ಇದು ಅವರು ನಿಲ್ಲೋ ಜಾಗ. ಕೂರೋದು ಎಲ್ಲಿ?" ಅವತ್ತು ಸಂಜೆ ಅವನು ಅಮ್ಮನನ್ನು ನೋಡುತ್ತ ಕೂತ. ಅಮ್ಮ ನಿಂತೇ ಹೆಚ್ಚಿದಳು, ನಿಂತೇ ಬಡಿಸಿದಳು, ಎಲ್ಲರದೂ ಆದ ಮೇಲೆ ಕಟ್ಟೆಗೆ ಸೊಂಟ ಆನಿಸಿ ನಿಂತೇ ಉಂಡಳು, ಉಣ್ಣುವಾಗಲೂ ಅಜ್ಜಿ ಕರೆದರೆ ಓಡಲು ಒಂದು ಹಿಮ್ಮಡಿ ಎತ್ತಿಕೊಂಡೇ ಇದ್ದಳು. "ಏನೋ ನೋಡ್ತೀಯ? ಮುಖಕ್ಕೆ ಮಸಿ ಅಂಟಿದೆಯಾ?" ಎಂದಳು. ಇಲ್ಲಮ್ಮ ಎಂದ. ಎದ್ದು ಹೋಗಿ ಮೇಜಿನ ಮುಂದೆ ಕೂತು, ಒಲೆಯ ಪಕ್ಕದಲ್ಲಿ ಒಂದು ಸ್ಟೂಲು ಬರೆದ. ಮನೆಯಲ್ಲಿ ಸ್ಟೂಲೇ ಇರಲಿಲ್ಲ. ಮೇಡಂ ಅದಕ್ಕೆ ಸರಿ ಗುರುತು ಹಾಕಿದರು, ತರಗತಿಯಲ್ಲೇ ಹೆಚ್ಚು ಅಂಕ ಬಂತು. ಇಲ್ಲದ ಸ್ಟೂಲಿಗೆ ಅಷ್ಟು ಅಂಕ ಪಡೆದವನು ವಿಶ್ವವಿದ್ಯಾಲಯದ ಚರಿತ್ರೆಯಲ್ಲೇ ಇಲ್ಲ.

"ಈ ಸಲ ಸುಲಭ ಕಣೋ," ಎನ್ನುತ್ತಿದ್ದಳು ಈಗ ಕಂಬಿಯ ಪಕ್ಕದಲ್ಲಿ ಸ್ಕೇಲು. ಹಾಲ್‌ನ ನಕ್ಷೆಯನ್ನು ಅವಳು ರಟ್ಟಿನ ಮೇಲೆ ಕ್ಲಿಪ್ಪು ಹಾಕಿಟ್ಟಿದ್ದಳು, ಪ್ರತಿ ಸೀಟಿಗೂ ಒಂದು ಚೌಕ ಮನೆ. "ನೀಲಿ, ನೀಲಿ, ನೀಲಿ. ಕಣ್ಣು ಮುಚ್ಕೊಂಡು ಹಾಕಬೋದು. ಹೋದ ಸಲ ನನ್ನ ಕತ್ತು ಹಿಡ್ಕೊಂಡಿತ್ತು." ಹೋದ ಸಲ ಈ ಹಾಲ್ ಹೀಗಿರಲಿಲ್ಲ. ಸಾರ್ವಜನಿಕ ಜಾಗವನ್ನು ನಿಜವಾಗಿ ಯಾರು ಬಳಸುತ್ತಾರೆ ಎಂದು ನೋಡಿ ಬನ್ನಿ ಎಂದು ಮೇಡಂ ಜೋಡಿ ಜೋಡಿಯಾಗಿ ಎಲ್ಲರನ್ನೂ ಊರಿಗೆ ಅಟ್ಟಿದ್ದರು. ಕೆಲವರಿಗೆ ಪಾರ್ಕು, ಕೆಲವರಿಗೆ ಆಸ್ಪತ್ರೆಯ ಅಂಗಳ, ಇವರಿಬ್ಬರಿಗೆ ಬಸ್ ನಿಲ್ದಾಣ. ಹಾಲ್ ಆಗ ಜೇನುಗೂಡು. ಪ್ರಯಾಣ ಹೊರಟವರಿಗೆ ನೀಲಿ, ಕಳಿಸಿಕೊಡಲು ಬಂದವರಿಗೆ ಹಸಿರು, ಅಲ್ಲೇ ಮಾರುವವರಿಗೆ, ಗುಡಿಸುವವರಿಗೆ ಹಳದಿ ಎಂದು ಮೊದಲ ದಿನವೇ ಮಾಡಿಕೊಂಡಿದ್ದರು. ಆದರೆ ಇದ್ಯಾವುದಕ್ಕೂ ಸೇರದ ಜನ ಅಲ್ಲಿ ರಾಶಿ ಇದ್ದರು. ಬಸ್ಸಿನ ಹೆಸರು ಕೂಗಿದಾಗ ಇಡೀ ಹಾಲ್ ಕೋಳಿಗಳ ಹಾಗೆ ಕತ್ತೆತ್ತುತ್ತಿತ್ತು, ಇವರು ಎತ್ತುತ್ತಿರಲಿಲ್ಲ. ಗೋಡೆ ನೋಡುವ ಮುದುಕ, ಒಂದೇ ಪುಟವನ್ನು ದಿನವಿಡೀ ಓದುವ ತರುಣ, ನಿದ್ದೆಯಲ್ಲೂ ಚಪ್ಪಲಿಯನ್ನು ಅಪ್ಪಿಕೊಂಡವನು. ಕೂಗಿದಾಗ ತಲೆ ಎತ್ತದಿರುವುದೇ ಇವರ ಗುರುತು ಎಂದು ಕಂಡುಹಿಡಿದವನು ಅವನು. ಅಂಥ ಬುದ್ಧಿವಂತಿಕೆ ಈವರೆಗೆ ಯಾವ ತಲೆಗೂ ಹೊಳೆದಿರಲಿಲ್ಲವೆಂದು ಆ ಮಧ್ಯಾಹ್ನ ಅವನಿಗೆ ಅನ್ನಿಸಿತು. ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಯೊಂದು ಹಾರಿ ಕೆಳಗೆ ಯಾರದೋ ಟೀ ಲೋಟಕ್ಕೆ ಬಿತ್ತು. "ಇವ್ರಿಗೆ ಯಾವ ಬಣ್ಣ? ಬೂದು ಹಾಕೋಣ್ವಾ?" ಎಂದಳು ಸ್ಕೇಲು. ಪೆಟ್ಟಿಗೆಯಲ್ಲಿ ಕೆಂಪು ಪೆನ್ಸಿಲ್ ಮಾತ್ರ ಇನ್ನೂ ಕೆತ್ತದೆ ಉದ್ದಕ್ಕೆ ಇತ್ತು. "ಬೂದು ಯಾರಿಗೆ ಕಾಣತ್ತೆ? ಕೆಂಪು ಹಾಕು. ಎದ್ದು ಕಾಣಬೇಕು," ಎಂದ ಅವನು. ಅಷ್ಟೇ. ಯಾರ ಮೇಲೂ ದ್ವೇಷವಿರಲಿಲ್ಲ, ಪೆನ್ಸಿಲ್ ಉದ್ದವಿತ್ತು.

ಮೂಲೆಯ ಬೆಂಚಿನಲ್ಲಿ, ಕಂಬದ ಮರೆಯಲ್ಲಿ, ಒಬ್ಬ ಹೆಂಗಸು ಬಂದು ಕೂರುತ್ತಿದ್ದಳು. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಬರುವಳು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಪ್ರಯಾಣ ಹೊರಟವರ ಹಾಗೆ. ಆದರೆ ತೊಡೆಯ ಮೇಲಿಟ್ಟರೆ ಅದು ಚಪ್ಪಟೆಯಾಗಿ ಕರವಸ್ತ್ರದಂತೆ ಬಿದ್ದುಕೊಳ್ಳುತ್ತಿತ್ತು. ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಮಡಿಸಿ ಬೆಂಚಿನ ಮೇಲೆಳೆದುಕೊಂಡು, ತಲೆಯನ್ನು ಗೋಡೆಗೆ ಒರಗಿಸಿ, ಕಣ್ಣು ಮುಚ್ಚುವಳು. ನಿದ್ದೆಯಲ್ಲ. ನಿದ್ದೆ ಬಂದವರ ಬಾಯಿ ಸಡಿಲವಾಗುತ್ತದೆ. ಅವಳದು ಏನನ್ನೋ ಚಪ್ಪರಿಸುವಂತೆ ಮೆಲ್ಲಗೆ ಅಲುಗುತ್ತಿತ್ತು. ಮಹಾರಾಣಿಯರು ಸಿಂಹಾಸನದಲ್ಲಿ ಹಾಗೆ ಕೂತಿರಲಾರರು, ಅವರಿಗೆ ಕೆಳಗಿಳಿಸುವವರ ಭಯವಿರುತ್ತದೆ. "ನೋಡೇ, ಖಾಲಿ ಚೀಲ ಬಂತು," ಎಂದು ಅವನೇ ಹೆಸರಿಟ್ಟ. ಸ್ಕೇಲು ಬಿದ್ದು ಬಿದ್ದು ನಕ್ಕಳು. "ಆ ಚೀಲದಲ್ಲಿ ಏನೋ ಇರತ್ತೆ ಕಣೋ, ನಮಗೆ ಕಾಣಲ್ಲ," ಎಂದಳು. "ಗಾಳಿ," ಎಂದ ಅವನು, "ಇಲ್ಲಿಂದ ಗಾಳಿ ತುಂಬಿಸ್ಕೊಂಡು ಹೋಗಿ ಮಾರ್ತಾಳೆ." ಹೀಗೆ ನಗುತ್ತಲೇ ಕಂಬದ ಪಕ್ಕದ ಮನೆಗೆ ಅವನು ಕೆಂಪು ಚುಕ್ಕೆಯಿಟ್ಟ, ಚೆನ್ನಾಗಿ ತಿದ್ದಿ ತಿದ್ದಿ ದುಂಡಗೆ ಮಾಡಿದ. ಆಮೇಲೆ ಹೆಂಗಸು ಕಾಲಿಳಿಸಿದಳು. ಚಪ್ಪಲಿ ಮೆಟ್ಟಿಕೊಂಡು ಎದ್ದು ನಿಂತಳು. ನಿಂತ ಕೂಡಲೇ ಒಂದು ಹಿಮ್ಮಡಿ ತಾನಾಗಿಯೇ ನೆಲ ಬಿಟ್ಟು ಎತ್ತಿಕೊಂಡಿತು, ಯಾರಾದರೂ ಕರೆದರೆ ಓಡಲು. ಅವನ ಮೈಯ ರಕ್ತವೆಲ್ಲ ಇಳಿದು ಚಪ್ಪಲಿಯಲ್ಲಿ ತುಂಬಿತು. ಅಷ್ಟು ಹೊತ್ತು ನೋಡಿಯೂ ಅವನಿಗೆ ಗುರುತು ಸಿಕ್ಕಿರಲಿಲ್ಲ, ಏಕೆಂದರೆ ಕೂತ ಅಮ್ಮನನ್ನು ಅವನು ಹುಟ್ಟಿದಾಗಿನಿಂದ ನೋಡಿರಲೇ ಇಲ್ಲ.

ಆಗ ಅವನಿಗೆ ದರ್ಜಿಯ ನೆನಪಾಯಿತು. ಅವರ ಮನೆಯಲ್ಲಿ ದಿನಕ್ಕೊಮ್ಮೆ ಬೈಸಿಕೊಳ್ಳುವ ಮನುಷ್ಯನೆಂದರೆ ಆ ದರ್ಜಿ. ಅಮ್ಮ ಹೊಲಿಯಲು ಕೊಟ್ಟ ಒಂದು ಬಟ್ಟೆ ಅವನ ಹತ್ತಿರ ಯಾವ ಕಾಲದಿಂದಲೋ ಬಿದ್ದಿತ್ತು. ಅಷ್ಟರಲ್ಲಿ ಊರಲ್ಲಿ ಸೇತುವೆಗಳು ಎದ್ದು, ಬಿದ್ದು, ಮತ್ತೆ ಎದ್ದಿದ್ದವು; ಆ ಬಟ್ಟೆಗೆ ಮಾತ್ರ ತೋಳು ಕೂತಿರಲಿಲ್ಲ. "ದರ್ಜಿ ಹತ್ರ ಹೋಗಿ ಬರ್ತೀನಿ," ಎಂದು ಅಮ್ಮ ಚೀಲ ಹಿಡಿದು ಹೊರಡುವಳು. ಹಿಂತಿರುಗಿದರೆ ಅಜ್ಜಿ, "ಕೊಟ್ನಾ?" ಎನ್ನುವಳು. "ನಾಳೆ ಅಂದ." "ಅವನ ನಾಳೆಗೆ ಬೆಂಕಿ ಬೀಳ! ನೀನು ಬಾಯಿ ಸತ್ತೋಳು, ಅದಕ್ಕೇ ಆಟ ಆಡಿಸ್ತಾನೆ," ಎಂದು ಅಜ್ಜಿ. "ನಾನೊಂದ್ಸಲ ಬರ್ತೀನಿ ನಡಿ, ಕತ್ತಿನ ಪಟ್ಟಿ ಹಿಡಿದು ಕೇಳ್ತೀನಿ," ಎಂದು ಅಣ್ಣ ಕೋಣೆಯ ಮಂಚದಿಂದ ಏಳದೆಯೇ ಗುಡುಗುವನು. "ಪಾಪ, ಅವನಿಗೂ ಕೆಲಸ ಜಾಸ್ತಿ," ಎಂದು ಅಮ್ಮ ಒಲೆ ಹಚ್ಚುವಳು. ಆ ದರ್ಜಿಯ ಅಂಗಡಿ ಯಾವ ಬೀದಿಯಲ್ಲಿದೆ ಎಂದು ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ಭೂಗೋಳ ಓದುವ ಮಗನೂ ಕೇಳಿರಲಿಲ್ಲ.

ನಕ್ಷೆಯಿಂದ ಆ ಚುಕ್ಕೆಯನ್ನು ಅಳಿಸಿಬಿಡಬಹುದಿತ್ತು. ಬಣ್ಣದ ಪೆನ್ಸಿಲ್ ಅಳಿಸಿದರೆ ಹೋಗುವುದಿಲ್ಲ, ಉಜ್ಜಿದಷ್ಟೂ ಹರಡಿ ಗಾಯವಾಗುತ್ತದೆ. ಅದೂ ಅಲ್ಲದೆ ಸ್ಕೇಲು ಯಾಕೆ ಎಂದು ಕೇಳುತ್ತಿದ್ದಳು. ಅವಳೇನೋ ಒಳ್ಳೆಯವಳೇ, ಹೇಳಿದ್ದರೆ ತನ್ನ ರಬ್ಬರನ್ನು ತಾನೇ ಕೊಡುತ್ತಿದ್ದಳು. ಅವನು ಹೇಳಲಿಲ್ಲ. ಮುಂದಿನ ದಿನಗಳಲ್ಲೂ ಅಮ್ಮ ಬಂದಳು, ಅವನು ಕಂಬಿಯಿಂದ ಹಿಂದೆ ಸರಿದು ಕೂತು ಪ್ರತಿ ಸಲವೂ ಕೆಂಪು ಹಾಕಿದ. ಒಮ್ಮೆ ಕೆಳಗಿಳಿದು ಹೋಗಿ ಪಕ್ಕದಲ್ಲಿ ಕೂರೋಣವೆನ್ನಿಸಿತು. ಕೂತು ಏನು ಹೇಳುವುದು? ಅವಳು ಕಣ್ಣು ಬಿಟ್ಟು ಅವನನ್ನು ನೋಡಿದರೆ ಎದ್ದು ನಿಲ್ಲುತ್ತಾಳೆ. ಅಜ್ಜಿಗೆ ಏನಾಯ್ತೋ ಎನ್ನುತ್ತಾಳೆ. ಊಟ ಮಾಡಿದೆಯಾ ಎನ್ನುತ್ತಾಳೆ. ಅಲ್ಲಿಗೆ ಆ ಬೆಂಚೂ ಮನೆಯಾಗುತ್ತದೆ. ಈ ಯೋಚನೆ ಅವನಿಗೆ ಎಷ್ಟು ಉದಾತ್ತವಾಗಿ ಕಂಡಿತೆಂದರೆ, ಇಳಿದು ಹೋಗದಿರುವುದೇ ದೊಡ್ಡ ತ್ಯಾಗವೆಂದುಕೊಂಡು ಅವನು ಮೇಲೆಯೇ ಉಳಿದ.

ತಮ್ಮ ತಮ್ಮ ನಕ್ಷೆಗಳನ್ನು ತರಗತಿಯ ಮುಂದೆ ವಿವರಿಸುವ ದಿನ ಮೇಡಂ ನಿಲ್ದಾಣದ ಅಧಿಕಾರಿಯನ್ನೂ ಕರೆಸಿದ್ದರು. ಆತ ಎಷ್ಟು ದಪ್ಪಗಿದ್ದನೆಂದರೆ ಮೊದಲು ಆತನ ಹೊಟ್ಟೆ ಬಂತು, ಜನ ಎದ್ದು ನಮಸ್ಕಾರ ಹೇಳಿ ಕೂತ ಮೇಲೆ ಆತ ಬಂದ. ಇವರಿಬ್ಬರ ನಕ್ಷೆಯನ್ನು ದೊಡ್ಡದು ಮಾಡಿ ಗೋಡೆಗೆ ಹಚ್ಚಲಾಗಿತ್ತು. ಸಾರ್ವಜನಿಕ ಜಾಗ ಯಾರ್‍ಯಾರಿಗೆ ಏನೇನಾಗಿದೆ ನೋಡಿ ಎಂದು ಮೇಡಂ ಕಣ್ಣಲ್ಲಿ ನೀರು ಬರುವಂತೆ ಮಾತಾಡಿದರು. ಅಧಿಕಾರಿ ಮಾತು ಕೇಳುತ್ತಿರಲಿಲ್ಲ, ಬಣ್ಣ ನೋಡುತ್ತಿದ್ದ. "ಏನಪ್ಪಾ ಇದು, ಇಡೀ ಹಾಲಿಗೆ ತಿಗಣೆ ಕಚ್ಚಿದ ಹಾಗಿದೆಯಲ್ಲ! ಈ ಕೆಂಪಿನೋರೆಲ್ಲ ಯಾರು?" ಎಂದ. ಎಲ್ಲರೂ ಕಣ್ಣರಳಿಸಿ ನಕ್ಷೆಯ ಪಕ್ಕ ನಿಂತಿದ್ದ ದಿಕ್ಸೂಚಿಯ ಕಡೆ ತಿರುಗಿದರು. ಅವನ ಬೆರಳು ಆಗ ಸರಿಯಾಗಿ ಕಂಬದ ಪಕ್ಕದ ಚುಕ್ಕೆಯ ಮೇಲಿತ್ತು. "ಪ್ರಯಾಣ ಮಾಡದೇ ಇರೋರು ಸಾರ್." "ಮತ್ತೆ ಯಾತಕ್ಕೆ ಬರ್ತಾರೆ? ಏನು ಮಾಡ್ತಾರೆ ಅಲ್ಲಿ?" ಮೇಡಂ ಅವನನ್ನೇ ನೋಡುತ್ತಿದ್ದರು, ಹೇಳು, ನೀನು ಚೆನ್ನಾಗಿ ಹೇಳ್ತೀಯ ಎನ್ನುವ ಹಾಗೆ. ಅಷ್ಟು ದಿನ ನೋಡಿದ್ದನಲ್ಲ. ಅಮ್ಮ ಕಾಲು ಮಡಿಸುವುದು, ಗೋಡೆಗೆ ತಲೆ ಒರಗಿಸಿದಾಗ ಕತ್ತಿನ ನರ ಸಡಿಲವಾಗುವುದು. ಅವನ ನಾಲಿಗೆಯ ತುದಿಗೆ ಬಂತು. ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ, "ಉತ್ತರ ಎಲ್ಲಿದೆಯೋ, ತೋರ್ಸೋ," ಎಂದರು. ನಗು ಎದ್ದಿತು. ಅವನೂ ನಕ್ಕ. "ಏನಿಲ್ಲ ಸಾರ್," ಎಂದ, "ಸುಮ್ನೆ ಕೂತಿರ್ತಾರೆ."

"ಸುಮ್ನೆ," ಎಂದ ಅಧಿಕಾರಿ ಮೇಡಂ ಕಡೆ ತಿರುಗಿ, ತನಗೆ ಬೇಕಾದುದು ಸಿಕ್ಕಿದವನ ಹಾಗೆ. "ಟಿಕೆಟ್ ತಗೊಂಡೋರು ನಿಂತಿರ್ತಾರೆ, ಸುಮ್ನೆ ಇರೋರು ಕೂತಿರ್ತಾರೆ. ಇದನ್ನ ಹೇಳೋಕೆ ನಮಗೆ ಇಷ್ಟು ವರ್ಷ ಒಬ್ಬರೂ ಇರಲಿಲ್ಲ ನೋಡಿ ಮೇಡಂ. ಆ ನಕ್ಷೇದೊಂದು ಪ್ರತಿ ಕೊಡಿಸಿ."

ಬೆಂಚುಗಳನ್ನು ಕಿತ್ತ ಸುದ್ದಿ ಬಂದಾಗ ಮೇಡಂ ತರಗತಿಗೆ ಬಂದು ಪುಸ್ತಕ ಬದಿಗಿಟ್ಟರು. ಸೀಮೆಸುಣ್ಣವನ್ನು ಬೆರಳಲ್ಲೇ ಪುಡಿಮಾಡಿದರು. "ನಾವು ಹೇಳಿದ್ದು ಅದಲ್ಲ. ನಾವು ಹೇಳಿದ್ದು ಅದಕ್ಕೆ ಉಲ್ಟಾ," ಎಂದರು. ಅಧಿಕಾರಿಗೆ ಫೋನು ಮಾಡಿದ್ದರಂತೆ, ಹೋಗಿ ಕಂಡೂ ಬಂದಿದ್ದರಂತೆ. ಆತ ಟೀ ಕುಡಿಸಿ, ನಕ್ಷೆಯನ್ನು ಚೌಕಟ್ಟು ಹಾಕಿಸಿ ತನ್ನ ಕೋಣೆಯಲ್ಲಿ ತೂಗುಹಾಕಿದ್ದನ್ನು ತೋರಿಸಿ ಕಳಿಸಿದನಂತೆ.  ಆಮೇಲೆ ಮೇಡಂ ಕೈಯ ಪುಡಿ ಕೊಡವಿ, ಸ್ವಲ್ಪ ಬೇರೆ ದನಿಯಲ್ಲಿ, "ಆದ್ರೂ... ಮೊದಲು ಹೇಗಿತ್ತು ಅನ್ನೋದು ನಮ್ಮ ಹತ್ರ ಇದೆ. ಈಗ ಹೇಗಿದೆ ಅಂತ ಇನ್ನೊಂದು ಸಲ ಮಾಡಿದ್ರೆ ಒಳ್ಳೇ ಅಧ್ಯಯನ ಆಗತ್ತೆ. ನೀವಿಬ್ರೇ ಹೋಗಿ," ಎಂದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಸಣ್ಣಗೆ ಒಂದು ಹುರುಪು ಬಂದು, ಬಂದದ್ದಕ್ಕೆ ತಾನೇ ನಾಚಿ, ಹೋಯಿತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಅವನು ಬಹಳ ಪ್ರಯತ್ನಪಟ್ಟ. ಆಗಲಿಲ್ಲ. ಆ ಹುರುಪು ಅವನಿಗೆ ಗೊತ್ತಿತ್ತು, ಗುಂಡಿ ಹಾರಿದ ಮಧ್ಯಾಹ್ನದಿಂದ.

"ಬಂತು ನೋಡೋ!" ಎಂದು ಮಾಳಿಗೆಯ ಮೇಲೆ ಸ್ಕೇಲು ಈಗ ಅವನ ತೋಳಿಗೆ ಮರದ ಸ್ಕೇಲಿನಿಂದ ತಿವಿದಳು. "ನಮ್ಮ ಖಾಲಿ ಚೀಲ!"

ಗಾಜಿನ ಬಾಗಿಲಿನ ಆಚೆ ಅಮ್ಮ ನಿಂತಿದ್ದಳು. ಬಿಸಿಲಲ್ಲಿ ನಡೆದು ಬಂದ ಮುಖ. ಅವಳಿಗೆ ಸುದ್ದಿ ಗೊತ್ತಿರಲಿಲ್ಲ, ಅಜ್ಜಿಗೆ ಜ್ವರ ಬಂದು ಇಷ್ಟು ದಿನ ಅವಳು ದರ್ಜಿಯ ಹತ್ತಿರ ಹೋಗಿರಲೇ ಇಲ್ಲ. ಬಾಗಿಲು ಎಲ್ಲಿತ್ತೋ ಅಲ್ಲಿ ಗಾಜು ಇರುವುದನ್ನು ಅವಳು ಮೊದಲು ಕೈಯಿಂದ ಮುಟ್ಟಿ ತಿಳಿದುಕೊಂಡಳು. ಕಾವಲುಗಾರ ಬಾಗಿಲನ್ನು ಒಂದಿಷ್ಟು ತೆರೆದು ಹಿಡಿದ. ಹಾಲ್ ಖಾಲಿಯಾಗಿದ್ದರಿಂದ ಮಾತು ಮೇಲಕ್ಕೆ ಸರಿಯಾಗಿ ಕೇಳಿಸುತ್ತಿತ್ತು.

"ಎಲ್ಲಿಗಮ್ಮಾ?"

ಅಮ್ಮ ಕಾವಲುಗಾರನ ಮುಖ ನೋಡಿದಳು. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. "ಒಳಗೆ," ಎಂದಳು.

"ಒಳಗೆ ಅಲ್ಲಮ್ಮಾ, ಯಾವ ಊರಿಗೆ?"

ಅವಳು ಕತ್ತೆತ್ತಿದಳು. ಗೋಡೆಯ ಮೇಲಿದ್ದ ಬೋರ್ಡಿನಲ್ಲಿ ಊರುಗಳ ಹೆಸರು ಒಂದರ ಕೆಳಗೊಂದು ಹೊಳೆಯುತ್ತಿದ್ದವು. ಎಲ್ಲಕ್ಕಿಂತ ಮೇಲಿದ್ದ ಹೆಸರನ್ನು, ಅಕ್ಷರ ಕೂಡಿಸಿ, ಪರೀಕ್ಷೆ ಕೊಡುವವಳ ಹಾಗೆ ಓದಿ ಹೇಳಿದಳು. ಅದು ದೇಶದ ಆ ತುದಿಯಲ್ಲಿದ್ದ ಊರು. ಅಲ್ಲಿಗೆ ಹೊರಟವರು ಮನೆಯವರನ್ನೆಲ್ಲ ಅಪ್ಪಿಕೊಂಡು ಅತ್ತು ಹೊರಡುತ್ತಾರೆ.

"ಟಿಕೆಟ್ ತೋರ್ಸಿ."

"ತಗೋಬೇಕು."

"ತಗೊಂಡು ಬನ್ನಿ. ಕೌಂಟರ್ ಹೊರಗಡೆ ಇದೆ." ಆತ ಕೆಟ್ಟವನಾಗಿರಲಿಲ್ಲ. ಅವಳ ಚೀಲವನ್ನು ನೋಡಿದ, ಅದು ಗಾಳಿಗೆ ಹಾರಾಡುವುದನ್ನು ನೋಡಿದ, ದನಿ ಇಳಿಸಿದ. "ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ ತಾಯಿ. ಸುಮ್ನೆ ಕೂರೋರನ್ನ ಬಿಡಬಾರದು ಅಂತ ಆರ್ಡರ್ ಆಗಿದೆ. ಯಾರೋ ದೊಡ್ಡ ಓದಿದೋರು ಬಂದು ಲೆಕ್ಕ ಹಾಕಿ ಹೇಳಿದಾರಂತೆ."

"ಹೌದಾ?" ಎಂದಳು ಅಮ್ಮ. "ಓದಿದೋರು ಹೇಳಿದ್ರೆ ಸರಿ ಇರತ್ತೆ. ನನ್ನ ಮಗಾನೂ ಓದ್ತಾನೆ."

ಆಮೇಲೆ ಅವಳು ತನ್ನ ಬೆಂಚು ಇದ್ದ ಕಡೆ ನೋಡಿದಳು. ಕಂಬ ಇತ್ತು. ಕಂಬದ ಉದ್ದಕ್ಕೂ ಅವಳ ಕಣ್ಣು ಮೇಲೆ ಹತ್ತಿತು, ಮಾಳಿಗೆಯವರೆಗೆ, ಕಂಬಿಯವರೆಗೆ, ರಟ್ಟು ಹಿಡಿದು ನಿಂತ ಹುಡುಗಿಯವರೆಗೆ, ಅವಳ ಪಕ್ಕದವನವರೆಗೆ. ಅವನು ತಲೆ ಎತ್ತಲಿಲ್ಲ. ನಕ್ಷೆಯ ಮೇಲೆ ಬಗ್ಗಿ, ಖಾಲಿ ಮನೆಗಳ ಸಾಲನ್ನು ಬೆರಳಿಟ್ಟು ಎಣಿಸುವವನ ಹಾಗೆ ನಟಿಸಿದ. ಯಾವುದೋ ಬಸ್ಸಿನ ಹೆಸರು ಕೂಗಿದರು, ಆಗಲೂ ಎತ್ತಲಿಲ್ಲ.

"ಒಳಗೆ ಬಿಡ್ಲಿಲ್ಲ ಕಣೋ," ಎಂದಳು ಸ್ಕೇಲು. ಅವಳ ದನಿಯಲ್ಲಿ ನಗುವಿರಲಿಲ್ಲ. "ಪಾಪ. ಇವತ್ತು ಎಲ್ಲಿ ಕೂತ್ಕೋತಾಳೋ. ಈಗ ಏನು ಮಾಡೋಣ, ಇವಳನ್ನ ಹಾಕೋದಾ ಬೇಡ್ವಾ? ಬಾಗಿಲವರೆಗೂ ಬಂದಿದಾಳೆ."

"ಬಾಗಿಲ ಹೊರಗಿರೋರು ನಕ್ಷೇಲಿ ಬರಲ್ಲ," ಎಂದ ಅವನು.

"ನಿಜ ಹೇಳು, ನಿಂಗೇನೂ ಅನ್ಸಲ್ವಾ?"

"ಪೆನ್ಸಿಲ್ ಮುರೀತು," ಎಂದ. ಮುರಿದಿರಲಿಲ್ಲ. ಕಂಬಿಗೆ ಒತ್ತಿ ಮುರಿದ.

ಅವನು ಮನೆಗೆ ಬಂದಾಗ ಸಂಜೆಯ ಟೀ ಆಗಿತ್ತು. ಎಲ್ಲರೂ ಅವರವರ ಜಾಗದಲ್ಲಿದ್ದರು. ಅಮ್ಮ ಒಲೆಯ ಮುಂದೆ ನಿಂತಿದ್ದಳು, ಅವನ ಲೋಟವನ್ನು ಮುಚ್ಚಿಟ್ಟಿದ್ದಳು. ಏನೂ ಆಗದ ಹಾಗೆ ಕೊಟ್ಟಳು. ಏನೂ ಆಗಿಲ್ಲವೇನೋ ಎಂದು ಅವನಿಗೂ ಒಂದು ಗುಟುಕಿನಷ್ಟು ಹೊತ್ತು ಅನ್ನಿಸಿತು.

"ಏನೇ, ಇವತ್ತಾದ್ರೂ ಕೊಟ್ನಾ ಆ ದರ್ಜಿ?" ಎಂದಳು ಅಜ್ಜಿ ಮಂಚದಿಂದ.

"ಅವನು ಅಂಗಡಿ ಮುಚ್ಚಿಬಿಟ್ಟಿದಾನೆ ಅತ್ತೆ," ಎಂದಳು ಅಮ್ಮ. ಅಜ್ಜಿಗೆ ಹೇಳುತ್ತ ಮಗನ ಲೋಟದ ಕಡೆ ನೋಡಿದಳು. "ಬೀಗ ಹಾಕಿದೆ."

"ಹಾಕ್ದೆ ಇನ್ನೇನು! ಸುಳ್ಳುಗಾರ!" ಎಂದು ಅಪ್ಪನ ಕುರ್ಚಿ ಗುಡುಗಿತು.

"ಮತ್ತೆ ನಿಮ್ಮ ಬಟ್ಟೆ?" ಎಂದಳು ಅತ್ತಿಗೆ ಮೆಟ್ಟಿಲ ಮೇಲಿಂದ.

"ಹೋಯ್ತು ಬಿಡು. ಅಷ್ಟೇನೂ ಚೆನ್ನಾಗಿರಲಿಲ್ಲ ಅದು."

"ಅಮ್ಮ, ಕೂತ್ಕೋ ಬಾ," ಎಂದ ಅವನು. ಎದ್ದು ತನ್ನ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದು ತಂದ. ಕುರ್ಚಿಯ ಕಾಲು ನೆಲಕ್ಕೆ ಕಿರುಗುಟ್ಟಿದ ಸದ್ದಿಗೆ ಅಣ್ಣ ಕೋಣೆಯಿಂದ ಇಣುಕಿದ. ಎಲ್ಲರೂ ನೋಡಿದರು, ಮೈಗೆ ಹುಷಾರಿಲ್ಲವೇನೋ ಎಂದು ಮೊದಲು ಅವನನ್ನು, ಆಮೇಲೆ ಅವಳನ್ನು. ಅಮ್ಮನ ಮುಖ ಕೆಂಪಾಯಿತು, ಸಂತೆಯ ನಡುವೆ ಸೆರಗು ಜಾರಿದವಳ ಹಾಗೆ. "ನಾನ್ಯಾಕೋ ಕೂರಲಿ? ಒಲೆ ಮೇಲೆ ಅನ್ನ ಇಟ್ಟಿದೀನಿ," ಎಂದು ಒಣಗಿದ ಬಟ್ಟೆಯ ರಾಶಿಯನ್ನು ತಂದು ಕುರ್ಚಿಯ ಮೇಲೆ ಹಾಕಿದಳು. ಕುರ್ಚಿಗೆ ಕೂಡಲೇ ಒಂದು ಕೆಲಸ ಸಿಕ್ಕಿತು. ಎಲ್ಲರೂ ಮತ್ತೆ ತಮ್ಮ ತಮ್ಮ ಕಡೆ ತಿರುಗಿದರು.

ದೀಪ ಹಚ್ಚುವ ಹೊತ್ತಿಗೆ ಅವನು ಕೂರಲು ಪೆಟ್ಟಿಗೆಯೊಂದನ್ನು ಎಳೆದುಕೊಂಡು ಮೇಜಿನ ಮುಂದೆ ಕೂತು ಎರಡನೆಯ ನಕ್ಷೆಯನ್ನು ಅಂದವಾಗಿ ಬರೆಯಲು ಕಾಗದ ಹಾಸಿದ. ಹೋದ ಸಲದ ಭೂಕಂಪದ ಗೆರೆಗಳಿಗೆ ಸ್ಕೇಲು ಅವನನ್ನು ಸಾಯುವಷ್ಟು ಗೋಳುಹೊಯ್ದುಕೊಂಡಿದ್ದಳು. ಈ ಸಲ ಉಸಿರು ಬಿಗಿಹಿಡಿದು ಎಳೆದ. ಗೋಡೆ, ಕಂಬ, ಸೀಟುಗಳ ಸಾಲು. ಅರ್ಧಕ್ಕೆ ಬಂದ ಮೇಲೆ ಏನೋ ಬೇರೆಯಾಗಿದೆ ಎನ್ನಿಸಿತು. ಅಂಗೈ ಊರಿ ನೋಡಿದ, ಮೇಜು ಅಲುಗಲಿಲ್ಲ. ಮೊಳಕೈ ಊರಿದ, ಅಲುಗಲಿಲ್ಲ. ಬಗ್ಗಿ ನೋಡಿದ. ಗಿಡ್ಡ ಕಾಲಿನ ಕೆಳಗೆ ಅಮ್ಮನ ಬಟ್ಟೆಯ ಚೀಲ, ಮಡಿಕೆಯ ಮೇಲೆ ಮಡಿಕೆಯಾಗಿ, ಸರಿಯಾಗಿ ಆ ಎತ್ತರಕ್ಕೆ ಬರುವಷ್ಟು ಅಚ್ಚುಕಟ್ಟಾಗಿ ಮಡಿಸಿ ಇಟ್ಟಿತ್ತು. ಅಡುಗೆಮನೆಯಲ್ಲಿ ಅಮ್ಮ ಈ ಕಾಲಿಂದ ಆ ಕಾಲಿಗೆ ಭಾರ ಬದಲಿಸುವುದು ನೆಲದ ಮೇಲೆ ಕೇಳಿಸಿತು. ಅವನು ನೆಟ್ಟಗೆ ಕೂತು, ನೀಲಿ ಪೆನ್ಸಿಲ್ ತೆಗೆದುಕೊಂಡ. ಗೆರೆಗಳು ನೇರವಾಗಿ ಬಂದವು.